ಐಶ್ವರ್ಯಾ ಮಾಡಿದ ಗೋಡಂಬಿ ಗೊಜ್ಜು

ಶಹಾಪುರ, ಬೆಳಗಾವಿ
೧೮ ಫೆಬ್ರುವರಿ ೨೦೨೫

ಚಿ. ಸೌ. ಐಶ್ವರ್ಯಾಳಿಗೆ ಅತ್ತೆ ಬಾಳವ್ವನ ಮನಸಾರೆ ಆಶೀರ್ವಾದ.

ನೀನು ಮಗುವನ್ನು ಕರೆದುಕೊಂಡು ಪಾರಿಶ್ವಾಡದ ತವರಿಗೆ ಹೋಗಿ ಇಪ್ಪತ್ತು ದಿನವಾಯಿತು. ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಮೂರು ಸಲ ಫೋನು ಹಚ್ಚಿದೆ. ನೀನು ‘ಅತ್ತಿ, ಆರಾಮ ಅದೀರೇನ್ರಿ?’ ಅಂದ ಕೂಡಲೇ ಸಿಗ್ನಲ್ ಇಲ್ಲವೆಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಕಾಗದವಾದರೆ ಎದುರಿಗೆ ನಿನ್ನ ಮುಖ ಇರುವುದಿಲ್ಲ.

ಇಲ್ಲಿ ನಿನ್ನ ಮಾವನವರ ಮೊಣಕಾಲು ನೋವು ಹಾಗೇ ಇದೆ, ಸಿಟ್ಟೂ ಹಾಗೇ ಇದೆ. ನಿನ್ನ ಗಂಡ ಅನಿಕೇತ ಬ್ಯಾಂಕಿನಿಂದ ಬಂದವನೇ ಟಿವಿ ಮುಂದೆ ಕೂರುತ್ತಾನೆ, ಟಿವಿ ಹಚ್ಚುವುದನ್ನೇ ಮರೆತಿರುತ್ತಾನೆ.

ನಿನ್ನೆ ನಾನು ನಿನ್ನ ಆ ಥಾಯ್ ಪಚಡಿ ಮಾಡಲು ಹೋದೆ. ನಗಬೇಡ. ಪಪ್ಪಾಯಿ ಕಾಯಿ, ಗಜ್ಜರಿ, ಸವತೆಕಾಯಿ ಎಳೆಎಳೆಯಾಗಿ ಹೆಚ್ಚಿದೆ. ಖಾನಾಪುರದ ಗೋಡಂಬಿಯನ್ನು ಸಣ್ಣ ಉರಿಯಲ್ಲಿ ಹುರಿದು, ಬೆಳ್ಳುಳ್ಳಿ, ಹಸಿಶುಂಠಿ, ಬೆಲ್ಲ, ಒಣಮೆಣಸಿನಕಾಯಿ ಹಾಕಿ ರುಬ್ಬಿದೆ. ಲಿಂಬೆಹಣ್ಣು ಹಿಂಡಿ, ನೀನು ಬಿಟ್ಟುಹೋದ ಬಾಟಲಿಯಿಂದ ಸೋಯಾ ಸಾಸ್ ಹಾಕಿದೆ. ಪಚಡಿಯ ಮೇಲೆ ಸುರಿಯುವ ನಿನ್ನ ಗೊಜ್ಜು ಚಮಚದಿಂದ ಜೇನಿನಂತೆ ಇಳಿಯುತ್ತಿತ್ತು. ನನ್ನದು ಗಟ್ಟಿ ಹಿಟ್ಟು; ನೀರು ಬೆರೆಸಿದರೆ ಬರೀ ನೀರು. ನಿನ್ನ ಮಾವನವರು ಬಾಯಿಗಿಟ್ಟು, ‘ಐಶ್ವರ್ಯಾ ಮಾಡಿದ್ದು ಹಿಂಗ ಇರ್ತಿರ್ಲಿಲ್ಲ ಬಿಡು’ ಅಂದರು. ನೀನಿದ್ದಾಗ ಈ ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು! ನನ್ನದೂ ಅದೇ ಹಾಡು. ಒಂದು ದಿನವೂ ಬಾಜು ನಿಂತು ನೀನು ಹೇಗೆ ಮಾಡುತ್ತೀ ಎಂದು ನೋಡಲಿಲ್ಲ.

ಮೊನ್ನೆ ನಿಮ್ಮವ್ವ ಕಾಶವ್ವ ಫೋನ್ ಮಾಡಿದ್ದರು. ಮೊಮ್ಮಗ ಶಶಿಧರ ಪೂರ್ತಿ ಆರಾಮಾಗಿದ್ದಾನೆ, ದಿನವಿಡೀ ಬಂಡಿ ಹತ್ತಿ ಕುಣಿಯುತ್ತಾನೆ ಅಂದರು. ಕೇಳಿ ಜೀವ ತಂಪಾಯಿತು. ಆಮೇಲೆ ದನಿ ತಗ್ಗಿಸಿ, ‘ಬೀಗರ, ಐಶ್ವರ್ಯಾ ಕೂಸಿಗೆ ತನ್ನ ಕೈಲೆ ಉಣಸವಲ್ಲಳ್ರಿ. ಭಾಂಡೆ ನಾಕ ಸಲ ತೊಳದ್ರೂ ಸಮಾಧಾನ ಇಲ್ಲ. ತಾಟು ನನ್ನ ಕೈಯಾಗ ಕೊಟ್ಟು ಹೊರಗ ಹೋಗಿ ನಿಂದರ್ತಾಳ. ತನ್ನ ಕೈನ ಸರಿ ಇಲ್ಲ ಅಂತಾಳ’ ಅಂದರು.

ಆ ರವಿವಾರ ಕಣ್ಣಮುಂದೆಯೇ ಇದೆ. ಶಶಿಗೆ ಶೇಂಗಾ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ನೀನು ಎಲ್ಲದಕ್ಕೂ ಗೋಡಂಬಿ ಹಿಡಿದವಳು. ಆದರೂ ಎರಡು ತುತ್ತು ಪಚಡಿ ತಿಂದು ನಾಲ್ಕು ವರ್ಷದ ಮಗುವಿನ ತುಟಿ ಬಾತು, ಉಸಿರು ಸಿಗದಂತಾಯಿತು. ಆಸ್ಪತ್ರೆಯಲ್ಲಿ ಅನಿಕೇತ ಎಲ್ಲರೆದುರು, ‘ಶೇಂಗಾ ಚಟ್ನಿ ರುಬ್ಬಿದ ಜಾರ್‌ನಾಗ ಮಾಡೀದಿ. ತೊಳ್ಯಾಕ ಬರಂಗಿಲ್ಲೇನ್ ನಿನಗ?’ ಅಂದ. ‘ತೊಳದಿದ್ದೆ ಅನಸ್ತೈತಿ’ ಅಂದೆ ನೀನು. ಅಷ್ಟೇ.

ನಮ್ಮ ಕಡೆ ಶೇಂಗಾ ಎಂದರೆ ಉಪ್ಪಿದ್ದಂತೆ. ಶೇಂಗಾ ಹುಡಿ ಉದುರಿಸದ ಪಚಡಿ ಪಚಡಿಯೇ ಅಲ್ಲ. ಅದನ್ನು ತಿಂದು ಯಾರಿಗೇನಾಗುತ್ತದೆ, ಎಲ್ಲ ಈಗಿನವರ ಸೋಗು ಎಂದು ನಿನ್ನನ್ನು ಆಡಿಕೊಂಡು ನಗುತ್ತಿದ್ದೆ. ಮಗ ನಿನ್ನನ್ನು ಬೈಯುವಾಗ ತಡೆಯಲಿಲ್ಲ. ತಪ್ಪಾಯಿತು ಮಗಳೇ.

ಬಸವಣ್ಣ ನಿಮ್ಮಿಬ್ಬರನ್ನೂ ಕಾಯಲಿ, ಶಶಿಗೆ ನೂರು ವರ್ಷ ಆಯುಷ್ಯ ಕೊಡಲಿ. ಮನಸ್ಸಾದ ದಿನ ಬಾ.

ನಿನ್ನ ಅತ್ತೆ,
ಬಾಳವ್ವ

ತಾ.ಕ.: ಇಷ್ಟು ಬರೆದು ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಐಶ್ವರ್ಯಾ, ಜಾರ್ ಸ್ವಚ್ಛವಿತ್ತು. ನೀನು ಸೀರೆ ಬದಲಿಸಲು ಒಳಗೆ ಹೋದಾಗ ಗೊಜ್ಜಿಗೆ ಎರಡು ಚಮಚ ಶೇಂಗಾ ಹುಡಿ ಬೆರೆಸಿದವಳು ನಾನು. ಮರೆತು ಹಾಕಿದ್ದಲ್ಲ. ಮಗು ಉಂಡ ಮೇಲೆ, ‘ನೋಡು, ಶೇಂಗಾ ತಿಂದು ಹೆಂಗ ಆಡಾಕತ್ತಾನ’ ಎಂದು ಎಲ್ಲರೆದುರು ನಿನ್ನ ಬಾಯಿ ಮುಚ್ಚಿಸಬೇಕೆಂದಿದ್ದೆ. ಡಾಕ್ಟರ್, ‘ಶೇಂಗಾ ಏನರ ಹೊಟ್ಟ್ಯಾಗ ಹೋಗೇತೇನ್ರಿ?’ ಎಂದು ಎರಡು ಸಲ ಕೇಳಿದರು. ನೀನು ಅಳುತ್ತ ‘ಇಲ್ರಿ’ ಅಂದೆ. ನಾನು ಸೆರಗು ಬಾಯಿಗಿಟ್ಟುಕೊಂಡು ಸುಮ್ಮನೆ ನಿಂತಿದ್ದೆ. ಆ ಹೊತ್ತಿನಲ್ಲಿ ಮೊಮ್ಮಗನ ಉಸಿರಿಗಿಂತ ನನಗೆ ನನ್ನ ಮಾನ ದೊಡ್ಡದಾಯಿತು. ಅನಿಕೇತನಿಗೂ ನಿನ್ನ ಮಾವನವರಿಗೂ ಇವತ್ತು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಮಗುವಿಗೆ ನೀನೇ ಉಣಿಸು.