ಮೊಣಕೈ ಕೆಳಗಿನ ಹೆಸರು

ಕುಶಾಲನಗರ
22 ಮಾರ್ಚ್ 2025

ಪ್ರೀತಿಯ ಮೋಕ್ಷಿ,

ಹೇಗಿದ್ದೀಯ ಮಾರಾಯ್ತಿ? ನಿನ್ನ ಮದುವೆಗೆ ಬರಲಿಲ್ಲ, ಮಗು ಹುಟ್ಟಿದಾಗಲೂ ಬರಲಿಲ್ಲ, ಎರಡು ವರ್ಷದಿಂದ ಸತ್ತಿದ್ದೀನೋ ಬದುಕಿದ್ದೀನೋ ಎಂದೂ ತಿಳಿಸಲಿಲ್ಲ. ಬಯ್ಯಬೇಕು ಅನಿಸಿದರೆ ಮೊದಲು ಬಯ್ದು ಮುಗಿಸು, ಆಮೇಲೆ ಓದು. ಫೋನ್ ಮಾಡೋಣವೆಂದರೆ ನಿನ್ನ ಫೋನು ಯಾವ ಹೊತ್ತಿಗೆ ಯಾರ ಕೈಯಲ್ಲಿರುತ್ತದೋ. ಅದಕ್ಕೇ ನೀನು ಪಾಠ ಮಾಡುವ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಸುಳ್ಯಕ್ಕೆ ಮೂರ್ನಾಲ್ಕು ದಿನದಲ್ಲಿ ತಲುಪುತ್ತದೆ ಎಂದರು ಪೋಸ್ಟ್ ಆಫೀಸಿನವರು.

ನಮ್ಮ ಹಾಸ್ಟೆಲ್ಲಿನ ಮೋನಿಷಾ ಹೋದ ತಿಂಗಳು ಸುಂಟಿಕೊಪ್ಪದ ಬಸ್ಸಿನಲ್ಲಿ ಸಿಕ್ಕಿದ್ದಳು. ನಿನ್ನ ಮಗಳ ನಾಮಕರಣದ ಫೋಟೊ ತೋರಿಸಿದಳು. ಅಗಲ ಹಣೆ ನಿನ್ನದೇ. ಮುಖ ಊದಿಸಿಕೊಂಡಿರುವುದೂ ನಿನ್ನ ಹಾಗೇ. ಬಸ್ಸು ಕುಶಾಲನಗರಕ್ಕೆ ಬಂದರೂ ಅವಳ ಫೋನು ವಾಪಸ್ ಕೊಟ್ಟಿರಲಿಲ್ಲ ನಾನು.

ನನ್ನ ಸುದ್ದಿ ಕೇಳು. ಅಮ್ಮ ತೀರಿಕೊಂಡ ಮೇಲೆ ಎಸ್ಟೇಟಿನ ಲೈನ್ ಮನೆ ಬಿಡಬೇಕಾಯಿತಲ್ಲ, ಅಲ್ಲಿ ಇಲ್ಲಿ ಸುತ್ತಿ ಈಗ ಇಲ್ಲೊಂದು ಟಿಬೆಟನ್ನರ ಮನೆಯಲ್ಲಿದ್ದೇನೆ. ಇರುವವರು ಇಬ್ಬರೇ. ಸ್ವೆಟರ್ ಅಂಗಡಿ ಇಟ್ಟಿರುವ ಪೆಮಾ, ಮತ್ತು ಎಂಬತ್ತು ದಾಟಿ ಮಂಚ ಹಿಡಿದಿರುವ ಅವರಮ್ಮ. ಆ ಅಮ್ಮನನ್ನು ಎಲ್ಲರೂ ಅಮಲಾ ಎನ್ನುತ್ತಾರೆ. ಅವರನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಬೈಲಕುಪ್ಪೆಯ ಕ್ಯಾಂಪು ಇನ್ನೂ ಕಾಡಾಗಿದ್ದಾಗ ಬಂದವರು ಅವರು. ಕನ್ನಡದಲ್ಲಿ ಹತ್ತಿಪ್ಪತ್ತು ಮಾತು ಬರುತ್ತದೆ, ಅದರಲ್ಲಿ ಅರ್ಧಕ್ಕರ್ಧ ಬರೀ "ಬೇಡ", "ಸಾಕು". ಆದರೂ ನಮ್ಮಿಬ್ಬರಿಗೆ ಮಾತು ಕಡಿಮೆ ಬೀಳಲಿಲ್ಲ. ಮಗಳು ಕೊಟ್ಟರೆ ಬಾಯಿ ಬಿಗಿಯುತ್ತಿದ್ದವರು ನನ್ನ ಕೈಯಿಂದ ಇಡೀ ಬಟ್ಟಲು ಗಂಜಿ ಕುಡಿಯುತ್ತಿದ್ದರು. ಕುಡಿದಾದ ಮೇಲೆ ನನ್ನ ಜಡೆ ಹಿಡಿದು "ಪುಮೋ" ಎನ್ನುತ್ತಿದ್ದರು. ಮಗಳೇ ಎಂದರ್ಥವಂತೆ. ಅಮ್ಮ ಹೋದ ಮೇಲೆ ನನ್ನನ್ನು ಹಾಗೆ ಕರೆದವರು ಅವರೊಬ್ಬರೇ ಮೋಕ್ಷಿ. ಅದೊಂದು ಮಾತಿಗೆ ನಾನು ಈ ಮನೆಗೆ ಅಂಟಿಕೊಂಡುಬಿಟ್ಟೆ.

ಚಳಿಗಾಲವೆಲ್ಲ ತುಂಬುತೋಳಿನ ಸ್ವೆಟರಿನಲ್ಲೇ ಕಳೆಯಿತು. ಈ ತಿಂಗಳು ಸೆಕೆ ಶುರುವಾಯಿತು ನೋಡು, ಒಂದು ಬೆಳಗ್ಗೆ ತೋಳು ಮಡಚಿಕೊಂಡು ಗಂಜಿ ಕುಡಿಸಲು ಕೂತೆ. ಅಮಲಾ ಚಮಚ ನೋಡಲಿಲ್ಲ. ನನ್ನ ಮೊಣಕೈ ಕೆಳಗೆ ನೋಡಿದರು. ಬಟ್ಟಲು ಹಾರಿ ಗೋಡೆಗೆ ಬಡಿಯಿತು. "ಗ್ಯಾಮಿ! ಗ್ಯಾಮಿ!" ಎಂದು ಕಿರುಚಿ ಮಂಚದ ಮೂಲೆಗೆ ಸರಿದು ಮುದುಡಿಕೊಂಡರು. ಗ್ಯಾಮಿ ಎಂದರೆ ಚೀನಾದವರು.

ಹೌದು ಕಣೇ, ನಮ್ಮ ಹಚ್ಚೆ. ಏಳು ವರ್ಷದ ಕೆಳಗೆ ಮಡಿಕೇರಿಯ ಆ ಮಹಡಿ ಅಂಗಡಿಯಲ್ಲಿ ನಿನ್ನ ಹೆಸರು ನನ್ನ ಕೈಗೆ, ನನ್ನ ಹೆಸರು ನಿನ್ನ ಕೈಗೆ. ಕನ್ನಡದಲ್ಲಿ ಹಾಕಿಸಿದರೆ ನಿಮ್ಮಮ್ಮ ತಂಗಮ್ಮ ಆಂಟಿ ಓದಿ ಚರ್ಮ ಸುಲಿಯುತ್ತಾರೆ ಎಂದು ನಾನು ಹೆದರಿದ್ದೆ. "ಎಂತ ಹೆದರ್ತೀಯಾ ಮಾರಾಯ್ತಿ, ಚೈನೀಸಲ್ಲಿ ಹಾಕಿಸುವ. ಇಡೀ ಕೊಡಗಲ್ಲಿ ಯಾರಿಗೆ ಓದ್ಲಿಕ್ಕೆ ಬರ್ತದೆ?" ಎಂದವಳು ನೀನು. ಅವತ್ತು ನೀನು ನಿಮ್ಮೂರು ಭಾಗಮಂಡಲದ ಬಸ್ಸು ಹತ್ತುವ ಮುಂಚೆ, ಒಬ್ಬಳನ್ನು ಕೇಳದೆ ಇನ್ನೊಬ್ಬಳು ಅಳಿಸಬಾರದು ಎಂದು ಕಾವೇರಮ್ಮನ ಆಣೆ ಹಾಕಿಸಿಕೊಂಡವಳೂ ನೀನೇ.

ಅಮಲಾ ಕಿರುಚಿದ್ದು ಕೇಳಿ ಪೆಮಾ ಅಂಗಡಿ ಬಿಟ್ಟು ಓಡಿ ಬಂದರು. ಅಮ್ಮನನ್ನು ಸಮಾಧಾನ ಮಾಡಿ ಮಲಗಿಸಿ ನನ್ನ ಹತ್ತಿರ ಬಂದು ಕೂತರು. "ನಿನ್ನ ಮೇಲೆ ಕೋಪ ಅಲ್ಲ ಸುಮಿತಾ. ಅಮ್ಮ ಟಿಬೆಟಲ್ಲಿ ಹುಡುಗಿ ಆಗಿದ್ದಾಗ ಚೀನಾದವರು ಅವರ ಮನೆ ಬಾಗಿಲಿಗೆ ಇಂಥ ಅಕ್ಷರದ ಕಾಗದ ಅಂಟಿಸಿ ಹೋದ್ರಂತೆ. ಊರಲ್ಲಿ ಒಬ್ಬರಿಗೂ ಓದೋಕೆ ಬರಲಿಲ್ಲ. ಮಾರನೇ ದಿನ ಬಂದು ಅಜ್ಜನ್ನ ಕರ್ಕೊಂಡು ಹೋದ್ರು. ಅಜ್ಜ ತಿರುಗಿ ಬರಲೇ ಇಲ್ಲ. ಆ ಕಾಗದದಲ್ಲಿ ಏನಿತ್ತು ಅಂತ ಅಮ್ಮಂಗೆ ಇವತ್ತಿಗೂ ಗೊತ್ತಿಲ್ಲ" ಎಂದರು. ಯಾರಿಗೂ ಓದಲು ಬರುವುದಿಲ್ಲ ಎಂದು ನಾವಿಬ್ಬರೂ ಮಡಿಕೇರಿಯ ಆ ಅಂಗಡಿ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಓದಲು ಬರುವವರೂ ಸಿಕ್ಕರು ಅನ್ನು. ಪೆಮಾರ ಅಂಗಡಿಗೆ ಬರುವ ಒಬ್ಬ ಸನ್ಯಾಸಿ, ಈಚೆಗೆ ಟಿಬೆಟಿನಿಂದ ಬಂದವರು, ಚೀನೀ ಭಾಷೆಯಲ್ಲೇ ಶಾಲೆ ಕಲಿತವರು. ನನ್ನ ಕೈ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಹೆಸರಲ್ಲ. ಯಾವ ಮಾತೂ ಅಲ್ಲ. ಸುಮ್ಮನೆ ನಾಲ್ಕು ಅಕ್ಷರ, ಅದರಲ್ಲೊಂದು ತಲೆಕೆಳಗು" ಎಂದರಂತೆ. ಪೆಮಾ ಅಳುಕುತ್ತಾ ಕನ್ನಡದಲ್ಲಿ ಹೇಳಿದರು. ಆ ಅಂಗಡಿಯವನ ಮನೆ ಹಾಳಾಗ! ಏಳು ವರ್ಷ ಮಲಗುವ ಮುಂಚೆ ನೀನೆಂದು ಸವರಿಕೊಂಡದ್ದು ಏನೂ ಅಲ್ಲವಂತೆ. ಆದರೆ ನಿಜ ಹೇಳಲಾ? ಇದನ್ನು ಕೇಳಿದ ಮೇಲೂ ದಿನಾ ಸವರುತ್ತಿದ್ದೇನೆ.

ಬ್ಯಾಂಡೇಜು ಸುತ್ತಿ ನೋಡಿದೆ. ಒಳಗೆ ಏನಿದೆ ಎಂದು ಅಮಲಾರಿಗೆ ಗೊತ್ತು. ಎಡಗೈಯಲ್ಲಿ ಕುಡಿಸಲು ಹೋದೆ, ಗೋಡೆಯ ಕಡೆ ತಿರುಗಿದರು. ಎರಡು ವಾರಕ್ಕೆ ಅಮಲಾ ಅರ್ಧ ಆಗಿದ್ದಾರೆ. ನಿನ್ನೆ ಪೆಮಾ, "ಒಂದೋ ಅದನ್ನ ತೆಗೆಸು, ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ. ನಂಗೂ ಬೇಜಾರೇ" ಎಂದರು. ಅವರದು ತಪ್ಪಿಲ್ಲ. ಅಮಲಾರ ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಅವರ ಬೆನ್ನು ನೋಡುತ್ತಾ ಇರುತ್ತೇನೆ. ಇಡೀ ದಿನ ನನ್ನ ಹೆಸರು ಕರೆಯುವವರಿಲ್ಲ.

ನನ್ನಜ್ಜಿ ಲಿಂಗಮ್ಮನ ಕೈತುಂಬ ಹಚ್ಚೆ ಇದ್ದದ್ದು ನಿನಗೆ ನೆನಪಿರಬೇಕು. ಸತ್ತಾಗ ಒಡವೆ ಎಲ್ಲ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆ ಒಂದೇ ಎನ್ನುತ್ತಿದ್ದರು. ಅದಕ್ಕೇ ಅಳಿಸಲು ನನಗೆ ಮನಸ್ಸು ಬರುತ್ತಿಲ್ಲ. ಮಡಿಕೇರಿಯಲ್ಲಿ ಈಗ ಬೇರೆ ಹುಡುಗಿಯೊಬ್ಬಳು ಅಂಗಡಿ ಇಟ್ಟಿದ್ದಾಳೆ. ಅಕ್ಷರದ ಮೇಲೆ ಕಪ್ಪಾಗಿ ಒಂದು ಹೂ ಹಾಕಿದರೆ ಏನೂ ಕಾಣುವುದಿಲ್ಲ ಎಂದಳು. ನಿನ್ನನ್ನು ಕೇಳದೆ ಹಾಕಿಸುವುದಿಲ್ಲ. ಏಪ್ರಿಲ್ ಐದರವರೆಗೆ ಕಾಯುತ್ತೇನೆ. ನೀನು ಬೇಡ ಎಂದರೆ ಬೇಡ, ಬೇರೆ ಕೆಲಸ ನೋಡಿಕೊಳ್ಳುತ್ತೇನೆ. ಹೂಂ ಎಂದರೆ ಹಾಕಿಸಿಕೊಂಡು ಬಂದು ಮತ್ತೆ ಗಂಜಿ ಬಟ್ಟಲು ಹಿಡಿಯುತ್ತೇನೆ.

ಮಗಳ ಹಣೆಗೆ ನನ್ನದೊಂದು ಮುತ್ತು. ಕಾವೇರಮ್ಮ ಅವಳನ್ನು ಚೆನ್ನಾಗಿಟ್ಟಿರಲಿ, ಅವಳ ಅಮ್ಮನನ್ನೂ. ತಂಗಮ್ಮ ಆಂಟಿಗೆ ನಾನು ಕೇಳಿದೆನೆಂದು ಹೇಳು. ಹೇಳಲಾಗದಿದ್ದರೆ ಬಿಡು.

ನಿನ್ನ,
ಸುಮಿ

ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನೀನು ಉತ್ತರ ಬರೆಯಬೇಕಾಗಿಲ್ಲ ಮೋಕ್ಷಿ. ಬಸ್ಸಿನಲ್ಲಿ ಅಷ್ಟು ಹೊತ್ತು ನೋಡಿದ್ದು ಮಗುವನ್ನಲ್ಲ, ಮಗುವನ್ನು ಎತ್ತಿಕೊಂಡಿದ್ದ ನಿನ್ನ ಬಲಗೈಯನ್ನು. ದೊಡ್ಡದು ಮಾಡಿ ಮಾಡಿ ನೋಡಿದೆ. ಮೊಣಕೈ ಕೆಳಗೆ ಚರ್ಮ ಒಂಚೂರು ಬಿಳಚಿದೆ, ಬೇರೇನೂ ಇಲ್ಲ. "ಮದುವೆಗೆ ಮೊದಲೇ ಮಂಗಳೂರಿಗೆ ಹೋಗಿ ಹಚ್ಚೆನ ಲೇಸರಲ್ಲಿ ತೆಗೆಸಿದ್ಲಲ್ಲ, ನಿಂಗೆ ಹೇಳಿಲ್ವಾ?" ಎಂದು ಮೋನಿಷಾ ಕೇಳಿದಳು. ಹೇಳಿದ್ದಾಳೆ ಎಂದೆ. ಗೊತ್ತಿದ್ದೂ ಈಗ ಯಾಕೆ ಕೇಳಿದೆ ಅನ್ನುತ್ತೀಯಾ? ಆಣೆ ಇಬ್ಬರದೂ ಆಗಿತ್ತು. ಒಬ್ಬಳಾದರೂ ಕೇಳಿದ ಹಾಗಾಗಲಿ ಎಂದು ಕೇಳಿದೆ.