ಕಿಟಕಿ ಮುಚ್ಚಿದ ಚಳಿಗಾಲ

ಅತಿರೌ, ಜನವರಿ ೧೪

ವಾಲ್ವು ಕಿತ್ತುಹಾಕಬೇಕಂತೆ. ನಾನು ಕೀಳುವುದಿಲ್ಲ.

ಈ ಕಟ್ಟಡದಲ್ಲಿ ಮನೆ ಕಾಯಿಸುವ ಬಿಸಿನೀರಿನ ಕೊಳವೆ ಮೇಲಿನಿಂದ ಕೆಳಗಿಳಿಯುತ್ತದೆ. ಐದನೇ ಮಹಡಿಯ ನಾವು ಸೆಕೆ ತಾಳಲಾರದೆ ಹಿಮ ಬೀಳುವಾಗಲೂ ಕಿಟಕಿ ತೆಗೆದಿಡುತ್ತಿದ್ದೆವು. ನೆಲಮಹಡಿಯ ರೈಖಾನ್ ಅಜ್ಜಿ ಕೋಟು ಹಾಕಿಕೊಂಡೇ ಮಲಗುತ್ತಿದ್ದರು. ಹೋದ ವಾರ ನಾನೂ ನಾಲ್ಕನೇ ಮಹಡಿಯ ದಾಮಿರಾಳೂ ನಮ್ಮ ಮನೆಗಳ ಕೊಳವೆಗೆ ವಾಲ್ವು ಹಾಕಿಸಿದೆವು. ನಮಗೆ ಬೇಕಾದಷ್ಟು ಶಾಖ ಇಟ್ಟುಕೊಂಡು ಉಳಿದದ್ದನ್ನು ಕೆಳಗೆ ಬಿಟ್ಟೆವು.

ಸಂಜೆ ಕಟ್ಟಡದ ಅಧ್ಯಕ್ಷ ಬೆರ್ದಿಬೆಕ್ ಬಂದ.

"ಎಣ್ಣೆ ಬಾವಿಗಳ ಊರಲ್ಲಿ ಶಾಖ ಉಳಿಸ್ತಾಳಂತೆ. ಜನ ನಗ್ತಾರಮ್ಮ. ನಾಳೆ ಕೀಳಿಸ್ತೀನಿ."

"ಬೀದೀನ ಬೆಚ್ಚಗೆ ಮಾಡೋಕೆ ಎಣ್ಣೆ ಸುಡಬೇಕಾ ಅಣ್ಣ?" ಅಂದೆ.

ನಮ್ಮ ಜಗಳ ಕೇಳಿ ರೈಖಾನ್ ಅಜ್ಜಿ ಮೆಟ್ಟಿಲು ಹತ್ತಿ ಬಂದರು, ಮೈಮೇಲೆ ಕೋಟಿರಲಿಲ್ಲ.

"ಕೀಳಿಸಪ್ಪ," ಅಂದರು ಏದುಸಿರು ಬಿಡುತ್ತಾ. "ಹಾಗೇ ನನ್ನ ಹಾಸಿಗೇನೂ ಹೊತ್ಕೊಂಡು ಹೋಗು. ಚಳಿಗಾಲ ಮುಗಿಯೋತನಕ ನಿನ್ನ ಮನೇಲೇ ಇರ್ತೀನಿ."

ಅವನು ಇಳಿದುಹೋದ. ಅಜ್ಜಿಯನ್ನು ಕೈಹಿಡಿದು ಕೆಳಗೆ ಬಿಟ್ಟುಬಂದೆ. ಆ ಕೈ ಬೆಚ್ಚಗಿತ್ತು.

ಕಣ್ಣು ಎಳೆಯುತ್ತಿದೆ. ಬೆರ್ದಿಬೆಕ್ ನಾಳೆ ಬಂದರೂ ಬಂದಾನು. ಬರಲಿ. ಬಾಗಿಲು ತೆಗೆಯಬೇಕಾದವಳು ನಾನು ತಾನೆ...