ಅಮ್ಮನ ಮಾತಿನ ಮೇಲೆ ಪಿಟೀಲು

ಆಲ್ಟಾ, ನವೆಂಬರ್ ೩

ಪ್ರಿಯ ನಿರ್ದೇಶಕಿ ತೂರುನ್ ಅವರಿಗೆ,

ನಿಮ್ಮ ಸಿನಿಮಾದಲ್ಲಿ ಒಲೆ ಮುಂದೆ ಕೂತು ಮಾತಾಡುವ ಸಾಮಿ ಬುಡಕಟ್ಟಿನ ಮುದುಕಿ ನನ್ನ ಅಮ್ಮ ರಿಸ್ತೆನ್. ಫೆಬ್ರವರಿಯಲ್ಲಿ ತೀರಿಕೊಂಡಳು. ಅವಳಿಗೆ ಸಿನಿಮಾ ನೋಡಲಾಗಲಿಲ್ಲ.

ಚಿಕ್ಕವಳಿದ್ದಾಗ ಹಾಸ್ಟೆಲ್ ಶಾಲೆಯಲ್ಲಿ ಸಾಮಿ ಭಾಷೆ ಮಾತಾಡಿದ್ದಕ್ಕೆ ಅವಳಿಗೆ ಏಟು ಬಿದ್ದಿತ್ತು. ನನಗೂ ಹಾಗಾಗಬಾರದೆಂದು ಮನೆಯಲ್ಲಿ ಬರೀ ನಾರ್ವೇಜಿಯನ್ ಆಡಿದಳು. ಸಾಮಿ ನನಗೆ ಬರಲೇ ಇಲ್ಲ.

ಚಿತ್ರೀಕರಣ ಮುಗಿಸಿ ಬಂದ ದಿನ ಅವಳ ನಗು ನಿಲ್ಲಲೊಲ್ಲದು.

"ನಮ್ಮ ಕಡೇದಲ್ಲದ ಟೋಪಿ ಹಾಕ್ಸಿದ್ರು ಕಣೇ. ನಮ್ಮಜ್ಜಿ ನೋಡಿದ್ರೆ ಗೋರಿಯಿಂದ ಎದ್ದು ಬರ್ತಿದ್ಲು! ಆದ್ರೆ ಸಾಮೀಲಿ ಏನು ಬೇಕಾದ್ರೂ ಮಾತಾಡಿ ಅಂದ್ರು. ಮನಸಾರೆ ಮಾತಾಡ್ದೆ."

"ಏನಂದೆ ಅಮ್ಮ?"

"ಎಲ್ಲಾ ನಿಂಗೇ ಹೇಳಿದ್ದು. ಕೆಳಗೆ ನಾರ್ವೇಜಿಯನ್‌ನಲ್ಲಿ ಅಕ್ಷರ ಹಾಕ್ತಾರಂತೆ, ಓದ್ಕೋ."

ನಿನ್ನೆ ಸಿನಿಮಾ ನೋಡಿದೆ. ಅಮ್ಮನ ತುಟಿ ಅಲ್ಲಾಡುತ್ತದೆ, ಪಿಟೀಲು ಮಾತ್ರ ಕೇಳಿಸುತ್ತದೆ. ಕೆಳಗೆ ಒಂದಕ್ಷರವೂ ಇಲ್ಲ. ಅಕ್ಕಪಕ್ಕದವರು ಕಣ್ಣೊರೆಸಿಕೊಂಡರು. ಸಾಮಿ ಜನರಿಗೆ ಕೊನೆಗೂ ಪರದೆಯ ಮೇಲೆ ಜಾಗ ಸಿಕ್ಕಿತೆಂದು ಪತ್ರಿಕೆಯವರು ನಿಮ್ಮನ್ನು ಹೊಗಳಿದ್ದಾರೆ. ಅದರ ಬಗ್ಗೆ ಜಗಳವಾಡಲು ಇದನ್ನು ಬರೆಯುತ್ತಿಲ್ಲ.

ಸಂಗೀತ ಸೇರಿಸುವ ಮೊದಲಿನ ಅಮ್ಮನ ದನಿ ನಿಮ್ಮಲ್ಲಿ ಉಳಿದಿದ್ದರೆ ದಯವಿಟ್ಟು ಕಳಿಸಿಕೊಡಿ. ಗಾಳಿ ಸದ್ದು, ನಿಮ್ಮವರ ಮಾತು ಬೆರೆತಿದ್ದರೂ ಪರವಾಗಿಲ್ಲ. ನನ್ನ ಮಗಳು ಈಗ ಶಾಲೆಯಲ್ಲಿ ಸಾಮಿ ಕಲಿಯುತ್ತಿದ್ದಾಳೆ. ಅಮ್ಮ ನನಗೆ ಏನು ಹೇಳಿದಳೆಂದು ಅವಳು ಕೇಳಿ ತಿಳಿಸುತ್ತಾಳೆ.

ಅಳಿಸಿಹೋಗಿದ್ದರೆ ಅದನ್ನಾದರೂ ತಿಳಿಸಿ. ಕಾಯುವುದನ್ನು ಬಿಡುತ್ತೇವೆ.

ಇಂತಿ,
ರಿಸ್ತೆನ್ ಮಗಳು ಗುನ್ವೋರ್